ಬೆಲೆ ಕೇಳುವ ಮುನ್ನ ನಾಣ್ಯದ ಮುಖ ನೋಡಿ

ಶಿರಾ, ಮಧುಗಿರಿ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಹಳೆಯ ನಾಣ್ಯಗಳನ್ನು ಮನೆಯಲ್ಲಿ ಇಟ್ಟುಕೊಂಡಿರುವ ಎಲ್ಲರಿಗೂ ಪಟ್ಟನಾಯಕನಹಳ್ಳಿಯಿಂದ ಒಂದು ಪತ್ರ.

ದೇವರ ಗೂಡಿನ ಕುಡಿಕೆಯಲ್ಲೋ, ಟ್ರಂಕಿನ ತಳದ ಬಟ್ಟೆಗಂಟಿನಲ್ಲೋ, ಅಜ್ಜಿಯಿಂದ ಬಂದ ಕಾಸಿನ ಸರದಲ್ಲೋ ನಮ್ಮ ಕಡೆ ಇಂದಿಗೂ ಹಳೆಯ ನಾಣ್ಯಗಳು ಉಳಿದಿವೆ. ಉಳಿದಿರುವುದಕ್ಕೆ ಕಾರಣವೂ ಇದೆ. 1687ರಲ್ಲಿ ಮೊಘಲರು ಶಿರಾವನ್ನು ಒಂದು ಸುಬಾದ ರಾಜಧಾನಿ ಮಾಡಿಕೊಂಡರು. 1761ರಲ್ಲಿ ಅದು ಹೈದರ್ ಅಲಿಯ ಕೈಸೇರಿತು. ಆಮೇಲೆ ಟಿಪ್ಪು, ಮೈಸೂರು ಅರಸರು, ಈಸ್ಟ್ ಇಂಡಿಯಾ ಕಂಪನಿ, ವಿಕ್ಟೋರಿಯಾ ರಾಣಿ. ಒಬ್ಬರ ದುಡ್ಡು ಹೋಗಿ ಇನ್ನೊಬ್ಬರದು ಬಂದಾಗ ಹಳೆಯದು ಒಂದೇ ದಿನಕ್ಕೆ ಕಾಣೆಯಾಗುವುದಿಲ್ಲ. ಸ್ವಲ್ಪ ಕರಗುತ್ತದೆ, ಸ್ವಲ್ಪ ಒಡವೆಯಾಗುತ್ತದೆ, ಸ್ವಲ್ಪ ಪೂಜೆಗೆ ನಿಲ್ಲುತ್ತದೆ. ಹಾಗೆ ನಿಂತ ನಾಣ್ಯವನ್ನು ಈಗ ಕೈಗೆತ್ತಿಕೊಂಡವರು ಮೊದಲು ಕೇಳುವುದು ‘ಇದು ಎಷ್ಟು ಹಳೇದು’ ಅಂತ, ಆಮೇಲೆ ‘ಎಷ್ಟು ಲಕ್ಷ ಬರುತ್ತೆ’ ಅಂತ. ಇವೆರಡರ ನಡುವೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಬಿಟ್ಟುಹೋಗುತ್ತಿದೆ. ಅದರ ಮೈಮೇಲೆ ಅಚ್ಚು ಎಷ್ಟು ಉಳಿದಿದೆ? ನಾಣ್ಯದ ಸ್ಥಿತಿಯನ್ನು ಬೆಲೆಯ ಮಾತಿಗೆ ಮುಂಚೆ, ಬೆಲೆಯಿಂದ ಬೇರೆಯಾಗಿ, ಮನೆಯವರೇ ನೋಡಿ ಬರೆದಿಟ್ಟುಕೊಳ್ಳಬೇಕು ಎಂದು ನಿಮ್ಮನ್ನು ಒಪ್ಪಿಸುವುದೇ ಈ ಪತ್ರದ ಉದ್ದೇಶ. ಇದು ಗೊತ್ತಿಲ್ಲದೆ ನಮ್ಮವರು ಎರಡು ಕಡೆಯಿಂದಲೂ ನಷ್ಟಪಡುತ್ತಿದ್ದಾರೆ. ಒಳ್ಳೆಯ ನಾಣ್ಯವನ್ನು ಬೆಳ್ಳಿಯ ತೂಕಕ್ಕೆ ಕೊಟ್ಟುಬಿಡುತ್ತಾರೆ, ಬೆಲೆಯಿಲ್ಲದ ಬಿಲ್ಲೆಯನ್ನು ನಂಬಿ ಸಾಲ ಮಾಡುತ್ತಾರೆ.

ಮೊದಲು ವಯಸ್ಸಿನ ಮಾತು ಮುಗಿಸೋಣ. ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಒಂದು ದೊಡ್ಡ ನಿಧಿ ಸಿಕ್ಕಿತು. ನಮ್ಮ ಪಕ್ಕದ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಂಥವು ಸಿಕ್ಕಿವೆ. ಎರಡು ಸಾವಿರ ವರ್ಷದ ಹಿಂದಿನ ನಾಣ್ಯಗಳು ಅವು. ಆದರೆ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಜಗತ್ತಿನ ಮಾರುಕಟ್ಟೆಯಲ್ಲಿ ಇವತ್ತೂ ಧಾರಾಳವಾಗಿ ಓಡಾಡುತ್ತವೆ, ಏಕೆಂದರೆ ಅವುಗಳನ್ನು ಅಚ್ಚುಹಾಕಿದ್ದೇ ಅಪಾರ ಸಂಖ್ಯೆಯಲ್ಲಿ. ಇನ್ನೊಂದು ಉದಾಹರಣೆ ನಿಮ್ಮ ಮನೆಯಲ್ಲೇ ಇರಬಹುದು. ವಿಕ್ಟೋರಿಯಾ ರಾಣಿಯ 1862ರ ಬೆಳ್ಳಿ ರೂಪಾಯಿ ಕಂಡರೆ ‘ನೂರಾ ಅರವತ್ತು ವರ್ಷದ್ದು’ ಎಂದು ಕಣ್ಣು ಅರಳುತ್ತದೆ. ಆದರೆ ಟಂಕಸಾಲೆಗಳು ಆ ಇಸವಿಯನ್ನು ಅಲ್ಲಿಗೇ ನಿಲ್ಲಿಸಿ, ಮುಂದಿನ ಹತ್ತು ಹನ್ನೊಂದು ವರ್ಷ ಅದೇ 1862 ಎಂದು ಅಚ್ಚುಹಾಕುತ್ತ ಹೋದವು; ನಡುವಿನ ವರ್ಷಗಳ ಗುರುತಿಗೆ ಕೆಲವು ನಾಣ್ಯಗಳಲ್ಲಿ ಚುಕ್ಕೆಗಳನ್ನಷ್ಟೇ ಇಟ್ಟವು. ಹೀಗಾಗಿ ರಾಣಿ ಛಾಪಿನ ರೂಪಾಯಿಗಳಲ್ಲಿ ಈ ಇಸವಿ ಅತಿ ಸಾಮಾನ್ಯ. ಅದಕ್ಕಿಂತ 77 ವರ್ಷ ಈಚಿನದಾದ, ಆರನೇ ಜಾರ್ಜ್ ದೊರೆಯ 1939ರ ಬೆಳ್ಳಿ ರೂಪಾಯಿಯನ್ನು ಸಂಗ್ರಾಹಕರು ಹುಡುಕಿಕೊಂಡು ಅಲೆಯುತ್ತಾರೆ. ಅದು ಅಷ್ಟು ವಿರಳ, ಆದ್ದರಿಂದಲೇ ಬೇರೆ ಇಸವಿಯ ಕೊನೆಯ ಅಂಕಿಯನ್ನು ತಿದ್ದಿದ ನಾಣ್ಯಗಳೂ ಬರುತ್ತವೆ. ವಯಸ್ಸು ನೋಡಿ ಬೆಲೆ ಕಟ್ಟುವವರು ಈ ಎರಡರಲ್ಲೂ ತಪ್ಪುತ್ತಾರೆ.

ಹಾಗಾದರೆ ಬೆಲೆಯ ತಳಪಾಯ ಎಲ್ಲಿದೆ? ಬೆಳ್ಳಿ ನಾಣ್ಯದಲ್ಲಿ ಅದು ಲೋಹದಲ್ಲಿದೆ, ಲೆಕ್ಕ ಹಾಕಿ ತೆಗೆಯಬಹುದಾದದ್ದು. 1835ರಿಂದ 1939ರವರೆಗಿನ ಬ್ರಿಟಿಷ್ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ತೂಗಬೇಕು. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ, ಸುಮಾರು 10.69 ಗ್ರಾಂ. 1940ರಿಂದ 1945ರವರೆಗಿನ ರೂಪಾಯಿಯೂ ಅಷ್ಟೇ ತೂಗುತ್ತದೆ, ನೋಡುವುದಕ್ಕೂ ಬೆಳ್ಳಗೇ ಇದೆ, ಆದರೆ ಅದರಲ್ಲಿ ಬೆಳ್ಳಿ ಅರ್ಧ ಮಾತ್ರ, 5.83 ಗ್ರಾಂ. ಯುದ್ಧಕಾಲದಲ್ಲಿ ಬೆಳ್ಳಿ ಉಳಿಸಲು ಮಾಡಿದ ಬದಲಾವಣೆ ಅದು. ಹುಲಿಯ ಚಿತ್ರವಿರುವ 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ. ಅದು ನಿಕ್ಕಲ್, ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಒಂದೇ ಡಬ್ಬಿಯಲ್ಲಿರುವ ಈ ಮೂರನ್ನೂ ‘ಬೆಳ್ಳಿ ರೂಪಾಯಿ’ ಎಂದು ಒಟ್ಟಿಗೆ ತೂಕಕ್ಕೆ ಹಾಕಿದರೆ ಕೊಡುವವರಿಗೋ ಕೊಳ್ಳುವವರಿಗೋ ಮೋಸವಾಗುವುದು ಖಚಿತ. ಆ ದಿನದ ಬೆಳ್ಳಿ ದರವನ್ನು ಈ ಗ್ರಾಂಗಳಿಂದ ಗುಣಿಸಿ ನೋಡಿ. ಅದಕ್ಕಿಂತ ಕಡಿಮೆಗೆ ಕೊಡಬೇಕಾದ ಅಗತ್ಯ ಇಲ್ಲ. ಅದಕ್ಕಿಂತ ಮೇಲೆ ಏನು ಸಿಗುತ್ತದೆ ಎಂಬುದನ್ನು ಸ್ಥಿತಿ, ವಿರಳತೆ, ಬೇಡಿಕೆ ಮೂರೂ ಸೇರಿ ತೀರ್ಮಾನಿಸುತ್ತವೆ. ವಿರಳತೆ ನಮ್ಮ ಕೈಯಲ್ಲಿಲ್ಲ, ಬೇಡಿಕೆಯೂ ಇಲ್ಲ. ಸ್ಥಿತಿಯೊಂದನ್ನು ಮಾತ್ರ ನಾವು ಕಾಪಾಡಬಹುದು ಅಥವಾ ಕೆಡಿಸಬಹುದು.

ಸ್ಥಿತಿಯನ್ನು ನೋಡುವುದು ಹೇಗೆ ಎಂಬುದಕ್ಕೆ ಒಂದು ರಾಣಿ ರೂಪಾಯಿಯನ್ನೇ ಕೈಗೆತ್ತಿಕೊಳ್ಳಿ. ಹಗಲಲ್ಲಿ ಕಿಟಕಿಯ ಪಕ್ಕ, ಇಲ್ಲವೇ ಒಂದೇ ದೀಪದ ಕೆಳಗೆ, ಅಂಚನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು ನೋಡಬೇಕು. ಮುಖದ ಮೇಲೆ ಬೆರಳು ಇಡಬಾರದು, ಬೆವರಿನ ಗುರುತು ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಸವೆತ ಶುರುವಾಗುವುದು ಯಾವಾಗಲೂ ಅತಿ ಉಬ್ಬಿದ ಜಾಗದಿಂದ. ರಾಣಿಯ ಕಿವಿಯ ಮೇಲಿನ ಕೂದಲ ಎಳೆಗಳು, ಕೆನ್ನೆ, ಕಿರೀಟದ ಅಂಚಿನ ಮಣಿಗಳು, ಭುಜದ ಮೇಲಿನ ಉಡುಪಿನ ಕಸೂತಿ, ಹಿಂಬದಿಯ ಹೂಬಳ್ಳಿಯ ದಳಗಳ ನಡುವಿನ ಗೆರೆ, ಇವನ್ನು ಒಂದೊಂದಾಗಿ ನೋಡಿ. ಕೂದಲಿನ ಎಳೆ ಬಿಡಿಬಿಡಿಯಾಗಿ ಕಂಡು, ಕಸೂತಿಯ ಹೂವು ಸ್ಪಷ್ಟವಾಗಿದ್ದರೆ ಅದು ಮೇಲಿನ ದರ್ಜೆಯ ನಾಣ್ಯ. ಎಳೆಗಳು ಕೂಡಿಕೊಂಡು ಮುದ್ದೆಯಾಗಿ, ಕಸೂತಿ ಅರ್ಧ ಉಳಿದಿದ್ದರೆ ನಡುವಿನದು. ಮುಖದ ಹೊರಗೆರೆ ಮತ್ತು ಅಕ್ಷರ ಬಿಟ್ಟು ಬೇರೇನೂ ಕಾಣದಿದ್ದರೆ ಕೆಳಗಿನದು. ಇನ್ನೊಂದು ಪರೀಕ್ಷೆ ಇದಕ್ಕಿಂತ ಸೂಕ್ಷ್ಮ. ಚಲಾವಣೆಗೇ ಹೋಗದ ನಾಣ್ಯವನ್ನು ದೀಪದ ಕೆಳಗೆ ಮೆಲ್ಲಗೆ ಓರೆಮಾಡಿದರೆ ಬೆಳಕು ಗಾಡಿಯ ಗಾಲಿಯ ಅರಗಳಂತೆ ನಡುವಿನಿಂದ ಅಂಚಿಗೆ ಚಾಚಿ ಸುತ್ತುತ್ತದೆ. ಅಚ್ಚು ಬಿದ್ದಾಗ ಲೋಹ ಹೊರಮುಖವಾಗಿ ಹರಿದು ಮೂಡಿದ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿಂದ ಈ ಹೊಳಪು ಬರುತ್ತದೆ. ಒಮ್ಮೆ ಹೋದರೆ ಯಾವ ಪಾಲಿಶ್‌ನಿಂದಲೂ ಅದು ಮರಳುವುದಿಲ್ಲ. ಪಾಲಿಶ್ ಮಾಡಿದ ನಾಣ್ಯವೂ ಫಳಫಳ ಹೊಳೆಯುತ್ತದೆ, ಆದರೆ ಆ ಹೊಳಪು ಓರೆಮಾಡಿದರೆ ಸುತ್ತುವುದಿಲ್ಲ, ನಿಂತಲ್ಲೇ ನಿಂತಿರುತ್ತದೆ.

ಮಾರುಕಟ್ಟೆಯಲ್ಲಿ ಇದಕ್ಕೆ ಬಳಸುವ ದರ್ಜೆಗಳು ಕೆಳಗಿನಿಂದ ಮೇಲಕ್ಕೆ ಗುಡ್, ವೆರಿ ಗುಡ್, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಅಬೌಟ್ ಅನ್‌ಸರ್ಕ್ಯುಲೇಟೆಡ್, ಅನ್‌ಸರ್ಕ್ಯುಲೇಟೆಡ್. ‘ಗುಡ್’ ಎಂಬುದು ಬಹುಪಾಲು ಸವೆದ ನಾಣ್ಯದ ದರ್ಜೆ ಎಂಬುದನ್ನು ನೆನಪಿಡಿ. ಇದಲ್ಲದೆ 1ರಿಂದ 70ರವರೆಗಿನ ಅಂಕಗಳ ಒಂದು ಪದ್ಧತಿಯೂ ಇದೆ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತಮ್ಮ ದೇಶದ ಹಳೆಯ ತಾಮ್ರದ ಸೆಂಟ್‌ಗಳಿಗಾಗಿ ಅದನ್ನು ರೂಪಿಸಿದರು. 70 ಅಂಕದ ನಾಣ್ಯ 1 ಅಂಕದ ನಾಣ್ಯಕ್ಕಿಂತ ಎಪ್ಪತ್ತು ಪಟ್ಟು ಬೆಲೆಬಾಳುತ್ತದೆ ಎಂಬುದು ಅವರ ಲೆಕ್ಕಾಚಾರ. ಅಂಕ ನೋಡಿದರೆ ಬೆಲೆಯೇ ಗೊತ್ತಾಗಬೇಕಿತ್ತು. ಆ ಲೆಕ್ಕ ಬಹಳ ಕಾಲ ನಿಲ್ಲಲಿಲ್ಲ. ಬೆಲೆಗಳು ತಮ್ಮ ದಾರಿ ಹಿಡಿದವು, ಅಂಕಗಳು ಮಾತ್ರ ಸ್ಥಿತಿಯನ್ನು ಹೇಳುವ ಭಾಷೆಯಾಗಿ ಉಳಿದುಕೊಂಡವು. 1980ರ ದಶಕದ ಎರಡನೆಯ ಅರ್ಧದಲ್ಲಿ ಪಿಸಿಜಿಎಸ್, ಎನ್‌ಜಿಸಿ ಎಂಬ ಸಂಸ್ಥೆಗಳು ಹುಟ್ಟಿ ನಾಣ್ಯವನ್ನು ಪರೀಕ್ಷಿಸಿ, ಅಂಕ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಕೊಡುವ ಕೆಲಸಕ್ಕೆ ಇಳಿದವು. ಕೊಳ್ಳುವವನೂ ಅಲ್ಲದ, ಮಾರುವವನೂ ಅಲ್ಲದ ಮೂರನೆಯವನು ಸ್ಥಿತಿಯನ್ನು ಹೇಳಬೇಕು ಎಂಬುದೇ ಅವುಗಳ ಮೂಲ ತತ್ವ. ಈ ತತ್ವ ನಮಗೂ ಬೇಕು. ಕೊಳ್ಳುವವನ ಕಣ್ಣಿಗೆ ಪ್ರತಿಯೊಂದು ನಾಣ್ಯವೂ ಒಂದು ದರ್ಜೆ ಕೆಳಗೆ ಕಾಣುತ್ತದೆ, ಮಾರುವವನ ಕಣ್ಣಿಗೆ ಒಂದು ದರ್ಜೆ ಮೇಲೆ. ಬೆಲೆ ಮೊದಲು ಬಾಯಿಗೆ ಬಂದರೆ ಆಮೇಲೆ ಕಣ್ಣು ಆ ಬೆಲೆಯ ಪರವಾಗಿಯೇ ನೋಡುತ್ತದೆ.

ನಮ್ಮ ನೆಲದ ಕೈಯಚ್ಚಿನ ನಾಣ್ಯಗಳಿಗೆ ಈ ಅಳತೆಗೋಲನ್ನು ಹಾಗೇ ಹಚ್ಚುವಂತಿಲ್ಲ, ಇಲ್ಲಿ ಸ್ವಲ್ಪ ಹೆಚ್ಚು ತಾಳ್ಮೆ ಬೇಕು. ಟಿಪ್ಪುವಿನ ಆನೆ ಛಾಪಿನ ತಾಮ್ರದ ಕಾಸನ್ನು ನೋಡಿ. ಶ್ರೀರಂಗಪಟ್ಟಣ, ನಗರ, ಚಿತ್ರದುರ್ಗ, ಗುತ್ತಿ ಮುಂತಾದ ಹಲವು ಟಂಕಸಾಲೆಗಳಲ್ಲಿ ಅವು ಅಚ್ಚಾದವು. ಚಿತ್ರದುರ್ಗಕ್ಕೆ ಫರ್ರುಖ್‌ಯಾಬ್ ಹಿಸಾರ್, ಗುತ್ತಿಗೆ ಫೈಜ್ ಹಿಸಾರ್ ಎಂಬ ಹೆಸರುಗಳು ನಾಣ್ಯದ ಮೇಲೆ ಪಾರ್ಸಿಯಲ್ಲಿವೆ. ಕೈಯಿಂದ ಬಡಿದ ಅಚ್ಚಾದ್ದರಿಂದ ಎಷ್ಟೋ ನಾಣ್ಯಗಳಲ್ಲಿ ಚಿತ್ರ ಒಂದು ಪಕ್ಕಕ್ಕೆ ಸರಿದಿರುತ್ತದೆ, ಆನೆಯ ಸೊಂಡಿಲೋ ಟಂಕಸಾಲೆಯ ಹೆಸರೋ ಬಿಲ್ಲೆಯ ಹೊರಗೇ ಉಳಿದಿರುತ್ತದೆ. ಅದು ಸವೆತ ಅಲ್ಲ. ಬಡಿತ ಸಾಲದೆ ಮೂಡದಿದ್ದ ಜಾಗ ಮಸೂರದಲ್ಲಿ ಒರಟಾಗಿ, ಬಿಲ್ಲೆಯ ಮೂಲ ಮೈಯಾಗಿ ಕಾಣುತ್ತದೆ. ಬಳಸಿ ಸವೆದ ಜಾಗ ನುಣುಪಾಗಿ, ಉಬ್ಬಿದಲ್ಲೆಲ್ಲ ಒಂದೇ ಸಮನಾಗಿ ತೇಯ್ದಿರುತ್ತದೆ. ಅಚ್ಚಿನ ಕೊರತೆ, ಬಳಕೆಯ ಸವೆತ, ಆಮೇಲೆ ಆದ ಗಾಯ ಈ ಮೂರನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಜೊತೆಗೆ ಗುರುತಿಸುವಿಕೆಯೂ ಬೇಕು. 1787ರ ಸುಮಾರಿಗೆ ಟಿಪ್ಪು ಮೌಲೂದಿ ಎಂಬ ಹೊಸ ವರ್ಷಗಣನೆ ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದ. ಇದು ತಿಳಿಯದವರು ಇಸವಿಯನ್ನು ಹಿಂದುಮುಂದಾಗಿ ಓದುತ್ತಾರೆ. ಜೆ.ಆರ್. ಹೆಂಡರ್ಸನ್ 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ ಪ್ರಕಟಿಸಿದ ಪುಸ್ತಕ ಇಂದಿಗೂ ಈ ವಿಷಯದಲ್ಲಿ ಆಧಾರ. ಟಂಕಸಾಲೆಯ ಹೆಸರು ಓದುವಂತಿರುವ ಕಾಸಿಗೂ ಆ ಹೆಸರು ಅಳಿದ ಕಾಸಿಗೂ ಬೆಲೆಯಲ್ಲಿ ಬಹಳ ಅಂತರ ಬರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಮಯಿಲಿ ಕಾಸು’ಗಳ ಮೇಲೆ ಕನ್ನಡ ಅಕ್ಷರವೇ ಇದೆ. ಅದನ್ನು ಓದಲು ನಮಗೆ ಬೆಂಗಳೂರಿನ ತಜ್ಞರು ಬೇಕಾಗಿಲ್ಲ, ಅಕ್ಷರ ಉಳಿದಿದ್ದರೆ ಸಾಕು.

ಅಕ್ಷರ ಉಳಿಯದಂತೆ ಮಾಡುತ್ತಿರುವವರು ನಾವೇ ಎಂಬುದು ನನ್ನನ್ನು ಅತಿ ಹೆಚ್ಚು ನೋಯಿಸುವ ಸಂಗತಿ. ವರಮಹಾಲಕ್ಷ್ಮಿ ಹಬ್ಬಕ್ಕೆ, ದೀಪಾವಳಿಗೆ ನಾಣ್ಯಗಳನ್ನು ಹುಣಸೆಹಣ್ಣಿನಲ್ಲಿ ನೆನೆಸಿ, ಬೂದಿ ಅಥವಾ ಸಬೀನಾ ಪುಡಿ ಹಾಕಿ ಉಜ್ಜಿ ತೊಳೆಯುವುದು ರೂಢಿ. ತಾಮ್ರದ ಮೇಲೆ ದಶಕಗಳಿಂದ ಕಟ್ಟಿಕೊಂಡ ಕಂದು ಪದರ ಕೊಳೆ ಅಲ್ಲ. ಲೋಹವೇ ಗಾಳಿಯೊಡನೆ ಕೂಡಿ ಕಟ್ಟಿಕೊಂಡ ಹೊದಿಕೆ ಅದು, ಕೆಳಗಿನ ಅಚ್ಚನ್ನು ಕಾಯುತ್ತಿರುತ್ತದೆ. ಹುಣಸೆಯ ಹುಳಿ ಅದನ್ನು ಕರಗಿಸಿ ಹಸಿ ಕೆಂಪು ಲೋಹವನ್ನು ಹೊರಹಾಕುತ್ತದೆ. ಬೂದಿ, ಪುಡಿ ಬೆಳ್ಳಿಯ ಮೇಲೆ ಸಾವಿರಾರು ಸಣ್ಣ ಗೀರು ಎಳೆಯುತ್ತದೆ. ತಿಳಿದ ಸಂಗ್ರಾಹಕರು ಮಸೂರದಲ್ಲಿ ಆ ಗೀರು ಕಂಡ ಕೂಡಲೇ ನಾಣ್ಯವನ್ನು ಬದಿಗಿಡುತ್ತಾರೆ. ದರ್ಜೆ ಕೊಡುವ ಸಂಸ್ಥೆಗಳೂ ಅದಕ್ಕೆ ಪೂರ್ಣ ಅಂಕ ಕೊಡದೆ ‘ತೊಳೆದದ್ದು’ ಎಂದು ಬರೆದು ಕಳಿಸುತ್ತವೆ. ಸರಕ್ಕೆ ಹಾಕಲು ತೂತು ಕೊರೆದ, ಕೊಂಡಿ ಬೆಸೆದ ರೂಪಾಯಿಗಳದೂ ಇದೇ ಕಥೆ. ಎರಡನೆಯ ಮಹಾಯುದ್ಧದ ಕಾಲದಿಂದ 1947ರವರೆಗೆ ಬಂದ ತೂತು ಕಾಸಿನ ತೂತು ಟಂಕಸಾಲೆಯದೇ ಆದ್ದರಿಂದ ಅದು ದೋಷವಲ್ಲ. ಅಕ್ಕಸಾಲಿಗರು ಕೊರೆದ ತೂತು ಮಾತ್ರ ಉಳಿದೆಲ್ಲ ಚೆನ್ನಾಗಿದ್ದರೂ ನಾಣ್ಯವನ್ನು ಲೋಹದ ಬೆಲೆಯ ಹತ್ತಿರಕ್ಕೆ ಇಳಿಸಿಬಿಡುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು. ‘ಇವು ಲಕ್ಷ್ಮಿ, ಮಾರುವ ಸರಕಲ್ಲ. ತೊಳೆಯದೆ ಪೂಜೆಗೆ ಇಡುವುದು ಹೇಗೆ?’ ಈ ಭಾವನೆಯನ್ನು ನಾನು ಗೌರವಿಸುತ್ತೇನೆ, ಮಾರಿ ಎಂದು ಹೇಳುತ್ತಲೂ ಇಲ್ಲ. ಪೂಜೆಗೆ ಈಗಾಗಲೇ ಸವೆದಿರುವ ನಾಲ್ಕು ಸಾಮಾನ್ಯ ರೂಪಾಯಿಗಳನ್ನು ಬೇರೆಮಾಡಿ ಇಟ್ಟುಕೊಳ್ಳಿ, ಅಭಿಷೇಕವೂ ಅವಕ್ಕೇ ಆಗಲಿ. ಉಳಿದವನ್ನು ಉಜ್ಜದೆ, ಬರೀ ಶುದ್ಧ ನೀರಲ್ಲಿ ಅದ್ದಿ, ಹತ್ತಿ ಬಟ್ಟೆಯಿಂದ ಒತ್ತಿ ತೇವ ತೆಗೆದರೆ ಸಾಕು. ಮಾರದೇ ಇರುವವರಿಗೇ ಸ್ಥಿತಿ ಹೆಚ್ಚು ಮುಖ್ಯ. ಮುಂದಿನ ತಲೆಮಾರಿಗೆ ಕೊಡಬೇಕೆಂದು ಇಟ್ಟುಕೊಂಡ ನಾಣ್ಯದ ಮೇಲೆ ಅವರು ಓದಲು ಏನಾದರೂ ಉಳಿದಿರಬೇಕು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ದರ್ಜೆ ಎನ್ನುವುದು ಬರೀ ಅಭಿಪ್ರಾಯ, ಇಬ್ಬರು ತಜ್ಞರು ಒಂದೇ ನಾಣ್ಯಕ್ಕೆ ಎರಡು ದರ್ಜೆ ಕೊಡುತ್ತಾರೆ, ಅಂಥದ್ದನ್ನು ನಂಬಿ ಏನು ಪ್ರಯೋಜನ ಎಂಬುದು ಅದು. ಇಬ್ಬರು ಭಿನ್ನವಾಗಿ ಹೇಳುವುದು ನಿಜ. ಒಮ್ಮೆ ಅಂಕ ಕೊಟ್ಟ ಸಂಸ್ಥೆಗೇ ನಾಣ್ಯವನ್ನು ಕವಚ ಬಿಡಿಸಿ ಮತ್ತೆ ಕಳಿಸಿದರೆ ಬೇರೆ ಅಂಕ ಬರುವುದೂ ಉಂಟು. ಆದರೆ ಆ ಭಿನ್ನತೆ ಅಕ್ಕಪಕ್ಕದ ಮೆಟ್ಟಿಲುಗಳ ನಡುವಿನದು. ವೆರಿ ಫೈನೋ ಎಕ್ಸ್‌ಟ್ರೀಮ್ಲಿ ಫೈನೋ ಎಂದು ಜಗಳವಾಗಬಹುದು. ಮುಖ ಅಳಿದ ರೂಪಾಯಿಯನ್ನು ಯಾರೂ ಚಲಾವಣೆಗೆ ಹೋಗದ ನಾಣ್ಯ ಎನ್ನಲಾರರು. ಮೇಲಾಗಿ ನಾನು ಬರೆದಿಡಿ ಎನ್ನುತ್ತಿರುವುದು ಬರೀ ದರ್ಜೆಯ ಹೆಸರನ್ನಲ್ಲ. ‘ಕೂದಲಿನ ಎಳೆ ಕಾಣುತ್ತದೆ, ಕಸೂತಿ ಅರ್ಧ ಇದೆ, ಅಂಚಿನಲ್ಲಿ ಒಂದು ಜಜ್ಜು, ತೂಕ 11.58’ ಎಂದು ಬರೆದರೆ ಅದನ್ನು ಯಾರು ಬೇಕಾದರೂ ನಾಣ್ಯದ ಪಕ್ಕದಲ್ಲಿಟ್ಟು ತಾಳೆ ನೋಡಬಹುದು. ಸಂಸ್ಥೆಗೆ ಕಳಿಸಿ ಅಂಕ ಪಡೆಯುವ ವೆಚ್ಚವೂ ಎಲ್ಲ ನಾಣ್ಯಕ್ಕೂ ಒಪ್ಪುವಂಥದ್ದಲ್ಲ. ಸಾಮಾನ್ಯ ರೂಪಾಯಿಗೆ ಆ ಶುಲ್ಕ ನಾಣ್ಯದ ಬೆಲೆಯನ್ನೇ ನುಂಗುತ್ತದೆ.

ಮೂರನೆಯವರು ಹೇಳುವುದು: ‘ನೀವು ಏನೇ ಬರೆದಿಡಿ, ಅಂಗಡಿಯವರು ಕೊಡುವುದು ಬೆಳ್ಳಿಯ ರೇಟು ಮಾತ್ರ.’ ಅವರು ನೂರಕ್ಕೆ ಎಷ್ಟೋ ಪಾಲು ಸರಿ. ಸವೆದ 1862ರ ರೂಪಾಯಿಗೆ, 1910ರ ದಶಕದ ಸಾಮಾನ್ಯ ಇಸವಿಗಳಿಗೆ ಬೆಳ್ಳಿಯ ಬೆಲೆಯೇ ಬಹುಮಟ್ಟಿಗೆ ನ್ಯಾಯವಾದ ಬೆಲೆ. ಅಲ್ಲಿ ಅಂಗಡಿಯವರನ್ನು ದೂರುವುದು ತರವಲ್ಲ. ಆದರೆ ಆ ರಾಶಿಯೊಳಗೆ 1911ರ ಐದನೇ ಜಾರ್ಜ್ ರೂಪಾಯಿ ಒಂದಿದ್ದರೆ? ಆ ನಾಣ್ಯದಲ್ಲಿ ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದರು. ಸರ್ಕಾರ ಉಳಿದ ನಾಣ್ಯಗಳನ್ನು ಹಿಂದಕ್ಕೆ ಪಡೆದು, 1912ರಿಂದ ಸೊಂಡಿಲು ಚೆನ್ನಾಗಿ ಕಾಣುವಂತೆ ಅಚ್ಚು ತಿದ್ದಿತು. 1911ರದ್ದು ಒಂದೇ ವರ್ಷದ ಮಾದರಿ. ಅದರಲ್ಲೂ ಆ ಆನೆ ಸ್ಪಷ್ಟವಾಗಿ ಉಳಿದಿರುವ ನಾಣ್ಯವನ್ನು ಬೆಳ್ಳಿಯ ದರಕ್ಕೆ ಕೊಟ್ಟರೆ, ಕೊಟ್ಟವರು ಅದರ ಮುಖವನ್ನೇ ನೋಡಿರಲಿಲ್ಲ ಎಂದೇ ಅರ್ಥ. ರಾಶಿಯನ್ನು ರಾಶಿಯಾಗಿ ತೂಗುವ ಮುನ್ನ ಒಂದೊಂದಾಗಿ ತಿರುಗಿಸಿ ನೋಡಿ ಎಂದು ಕೇಳುತ್ತಿರುವುದು ಇದಕ್ಕೇ.

ಇನ್ನು ಲಕ್ಷಗಳ ಮಾತು. ವೈಷ್ಣೋದೇವಿ ಚಿತ್ರದ ಐದು, ಹತ್ತು ರೂಪಾಯಿ ನಾಣ್ಯಕ್ಕೆ ಲಕ್ಷಾಂತರ ಸಿಗುತ್ತದೆ ಎಂಬ ಸಂದೇಶ ಎಲ್ಲರ ಮೊಬೈಲಿಗೂ ಬಂದಿದೆ. 2012ರಲ್ಲಿ ಬಂದ, ಇಂದಿಗೂ ಚಲಾವಣೆಯಲ್ಲಿರುವ ನಾಣ್ಯ ಅದು. ಯಾರೋ ಜಾಹೀರಾತಿನಲ್ಲಿ ಕೇಳಿದ ಮೊತ್ತಕ್ಕೂ ಯಾರೋ ನಿಜವಾಗಿ ಕೊಟ್ಟ ಮೊತ್ತಕ್ಕೂ ಸಂಬಂಧವಿಲ್ಲ. ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ, ತನ್ನ ಹೆಸರು ಮತ್ತು ಲಾಂಛನ ಬಳಸಿ ಹಳೆಯ ನೋಟು, ನಾಣ್ಯ ಕೊಳ್ಳುತ್ತೇವೆಂದು ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ, ತಾನು ಅಂಥ ವ್ಯವಹಾರ ಮಾಡುವುದೇ ಇಲ್ಲ ಎಂದು ಸಾರ್ವಜನಿಕರಿಗೆ ತಿಳಿಸಿದೆ. ಮಾರುವವನಿಂದಲೇ ಮೊದಲು ಹಣ ಕೇಳುವ ಖರೀದಿದಾರ ಖರೀದಿದಾರನಲ್ಲ. ರಾಮಪಟ್ಟಾಭಿಷೇಕ, ಹನುಮಂತನ ಚಿತ್ರವಿದ್ದು ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದಿರುವ ಬಿಲ್ಲೆಗಳೂ ಹಾಗೆಯೇ. ಕಂಪನಿ ಅಂಥ ನಾಣ್ಯ ಹೊರಡಿಸಿರಲಿಲ್ಲ. ಅವು ಆಮೇಲೆ ಯಾರೋ ಮಾಡಿದ ಬಿಲ್ಲೆಗಳು. ತಾಮ್ರದ ನಾಣ್ಯ ಅಕ್ಕಿ ಕಾಳನ್ನು ಎಳೆಯುತ್ತದೆ ಎಂದು ‘ರೈಸ್ ಪುಲ್ಲಿಂಗ್’ ಹೆಸರಲ್ಲಿ ತೋರಿಸಿ ಜನರ ದುಡ್ಡು ದೋಚುವ ದಂಧೆ ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಪೊಲೀಸ್ ಠಾಣೆಯ ಮೆಟ್ಟಿಲೇರಿದೆ. ತಾಮ್ರಕ್ಕೆ ಅಕ್ಕಿಯನ್ನು ಎಳೆಯುವ ಯಾವ ಶಕ್ತಿಯೂ ಇಲ್ಲ. ಈ ಎಲ್ಲ ಮೋಸಗಳಲ್ಲೂ ಒಂದು ಲಕ್ಷಣ ಸಾಮಾನ್ಯ. ನಾಣ್ಯದ ಸ್ಥಿತಿಯ ಬಗ್ಗೆ ಅಲ್ಲಿ ಯಾರೂ ಒಂದು ಮಾತೂ ಆಡುವುದಿಲ್ಲ. ಸವೆದಿದೆಯೇ, ತೊಳೆದಿದೆಯೇ, ತೂಕ ಎಷ್ಟು ಎಂದು ಕೇಳದೆ ಲಕ್ಷ ಹೇಳುವವರು ಸುಳ್ಳು ಹೇಳುತ್ತಿದ್ದಾರೆ.

ನಿಜವಾದ ಮಾರುಕಟ್ಟೆ ಬೆಲೆ ತಿಳಿಯಬೇಕಿದ್ದರೆ ಮಾರಾಟವಾಗಿ ಮುಗಿದ ಬೆಲೆಗಳನ್ನು ನೋಡಬೇಕು. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ತೋಡಿವಾಲಾದಂಥ ಹರಾಜು ಸಂಸ್ಥೆಗಳು ಚಿತ್ರ, ತೂಕ, ದರ್ಜೆ ಸಹಿತ ಪಟ್ಟಿ ಹೊರತರುತ್ತವೆ. ನಿಮ್ಮ ನಾಣ್ಯದ ಇಸವಿ, ಟಂಕಸಾಲೆ, ಸ್ಥಿತಿ ಮೂರೂ ಹೊಂದುವ ನಾಣ್ಯ ಅಲ್ಲಿ ಎಷ್ಟಕ್ಕೆ ಹೋಯಿತು ಎಂದು ಹುಡುಕಿ. ಕೊಂಡವರು ಕೊಟ್ಟ ಮೊತ್ತದಲ್ಲಿ ಹರಾಜಿನ ಶುಲ್ಕ ಸೇರಿರುತ್ತದೆ, ಮಾರಿದವರ ಕೈಗೆ ಬರುವುದರಲ್ಲಿ ಕಮಿಷನ್ ಕಳೆಯುತ್ತದೆ, ಇದನ್ನು ಮರೆಯಬೇಡಿ. ಒಂದೇ ಮಾರಾಟ ನೋಡಿ ತೀರ್ಮಾನಿಸಬೇಡಿ. ಇಬ್ಬರು ಹಟಕ್ಕೆ ಬಿದ್ದ ದಿನದ ಬೆಲೆ ಮರುದಿನದ ಬೆಲೆಯಾಗುವುದಿಲ್ಲ. ಹಾಗೆಯೇ ಕಾನೂನು ತಿಳಿದಿರಲಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಹೊಲ ಅಗೆಯುವಾಗ, ಕೃಷಿ ಹೊಂಡ ತೋಡುವಾಗ ಮಡಕೆಯಲ್ಲಿ ಸಿಕ್ಕಿದ್ದು ನಿಧಿ; ಅದನ್ನು ಆಡಳಿತಕ್ಕೆ ತಿಳಿಸಲೇಬೇಕು. ಇದು ಶಿಕ್ಷೆಯ ಭಯದ ಮಾತಷ್ಟೇ ಅಲ್ಲ. ಯಾವ ನಾಣ್ಯದ ಜೊತೆ ಯಾವುದು, ಯಾವ ಊರಿನ ಯಾವ ಹೊಲದಲ್ಲಿ ಸಿಕ್ಕಿತು ಎಂಬ ದಾಖಲೆ ಹೋದರೆ ಶಿರಾ ಸೀಮೆಯ ಚರಿತ್ರೆಯ ಒಂದು ಪುಟವೇ ಹೋಗುತ್ತದೆ.

ಕೊನೆಗೆ ಒಂದು ಕೆಲಸದ ಮಾತು. ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ ಗ್ರಾಂನ ನೂರನೇ ಒಂದು ಭಾಗ ತೋರಿಸುವ ಒಂದು ಪುಟ್ಟ ತಕ್ಕಡಿ, ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಮಸೂರ, ಒಂದು ಅಯಸ್ಕಾಂತ, ಒಂದು ನೋಟ್‌ಬುಕ್ ಇಡಿಸಲು ಕೇಳೋಣ. ದೊಡ್ಡ ಖರ್ಚಲ್ಲ. ನಾಣ್ಯ ಯಾರದೆಂದು ಬರೆಯಬೇಕಿಲ್ಲ, ಬೆಲೆಯನ್ನಂತೂ ಬರೆಯಲೇಬಾರದು. ಇಸವಿ, ತೂಕ, ಉಳಿದ ಅಚ್ಚು, ಗಾಯ, ತೊಳೆದ ಗುರುತು ಇದ್ದರೆ ಅದು, ಇಷ್ಟೇ ಸಾಕು. ಹೈಸ್ಕೂಲಿನ ಮಕ್ಕಳು ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು. ಪಟ್ಟನಾಯಕನಹಳ್ಳಿಯಲ್ಲಿ ಮೊದಲು ಶುರುವಾಗಲಿ, ಮಧುಗಿರಿ, ಕೊರಟಗೆರೆ, ಪಾವಗಡದವರೂ ಕೈಜೋಡಿಸಲಿ. ಈ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆಯೇ ಆದರೆ ಇನ್ನೂ ಒಳ್ಳೆಯದು. ಹುಣಸೆಹಣ್ಣು ನೆನೆಹಾಕುವ ಮುನ್ನವೇ ಪಟ್ಟಿ ಸಿದ್ಧವಾಗಿರುತ್ತದೆ.

ಇಂತಿ,
ನಿಮ್ಮೂರಿನ ನಾಣ್ಯಗಳ ಹಿತ ಬಯಸುವ ಒಬ್ಬ ನೆರೆಯವ